ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ: ಸಿಎಫ್ ಇರುವವರಿಗೆ ಎಷ್ಟು ಪ್ರಯೋಜನ?

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಸಿಸ್ಟಿಕ್ ಫೈಬ್ರೋಸಿಸ್ (ಸಿಎಫ್: ಶ್ವಾಸಕೋಶ, ಕರುಳುಗಳಲ್ಲಿ ಲೋಳೆ ಅಂಟಾಗುವ ಆನುವಂಶಿಕ ಕಾಯಿಲೆ) ಇರುವವರು, ಕರುಳಿನ ಉರಿಯೂತದ ಸುಳಿವನ್ನು ಮಲದಲ್ಲಿ ಹುಡುಕುವ ಈ ಪರೀಕ್ಷೆಯನ್ನು ಮಾಡಿಸಿಕೊಳ್ಳಬಹುದು. ಆದರೆ ಒಂದೇ ಸಲ ಮಾಡಿಸಿ, ಬಂದ ಅಂಕಿಯನ್ನು ರಿಪೋರ್ಟಿನ ಕೆಳಗೆ ಅಚ್ಚಾಗಿರುವ ಪಟ್ಟಿಯ ಜೊತೆ ಹೋಲಿಸಿ ನೋಡುವುದಷ್ಟೇ ಉದ್ದೇಶವಾದರೆ ಮಾಡಿಸದಿರುವುದೇ ವಾಸಿ. ಅದೇ ಲ್ಯಾಬಿನಲ್ಲಿ, ಅದೇ ವಿಧಾನದಲ್ಲಿ, ವರ್ಷಕ್ಕೆ ಎರಡೋ ಮೂರೋ ಸಲ ಮಾಡಿಸಿ ತಮ್ಮ ಹಳೆಯ ಅಂಕಿಯ ಜೊತೆ ಹೊಸದನ್ನು ಹೋಲಿಸುವವರಿಗೆ ಇದು ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಸೂಜಿಯಿಲ್ಲ, ಅರಿವಳಿಕೆಯಿಲ್ಲ, ಉಪವಾಸವಿಲ್ಲ. ಕರುಳಿನ ಒಳಗೆ ಏನಾಗುತ್ತಿದೆ ಎಂದು ಕೊಳವೆ ಇಳಿಸದೆ ತಿಳಿಯುವ ದಾರಿಗಳು ತೀರಾ ಕಡಿಮೆ. ಅವುಗಳಲ್ಲಿ ಇದೊಂದು.

ಸಮಸ್ಯೆ ಇರುವುದು ಇದರ ಜೊತೆಗೆ ಬರುವ ಸೂಚನಾಪತ್ರದಲ್ಲಿ. ಅದನ್ನು ಬರೆದಿರುವುದು ಕ್ರೋನ್ಸ್ ಕಾಯಿಲೆ, ಅಲ್ಸರೇಟಿವ್ ಕೊಲೈಟಿಸ್ (ಎರಡೂ ಕರುಳಿನ ಉರಿಯೂತದ ಕಾಯಿಲೆಗಳು) ಮತ್ತು ಇರಿಟಬಲ್ ಬವೆಲ್ (ಉರಿಯೂತವಿಲ್ಲದೆ ಕಾಡುವ ಕರುಳಿನ ತೊಂದರೆ) ಇರುವವರನ್ನು ಮನಸ್ಸಿನಲ್ಲಿಟ್ಟುಕೊಂಡು. ಸಿಎಫ್ ಎಂಬ ಹೆಸರೇ ಅದರಲ್ಲಿ ಸಾಮಾನ್ಯವಾಗಿ ಬರುವುದಿಲ್ಲ. ಚಿಕಿತ್ಸಾ ಮಾರ್ಗಸೂಚಿ ಹೊರಡಿಸುವ ಇಂಗ್ಲೆಂಡಿನ ನೈಸ್ ಸಂಸ್ಥೆ 2013ರಲ್ಲಿ ಈ ಪರೀಕ್ಷೆಗೆ ಒಪ್ಪಿಗೆ ಕೊಟ್ಟದ್ದೂ ಅದೇ ಕೆಲಸಕ್ಕೆ, ಅಂದರೆ ಉರಿಯೂತದ ಕಾಯಿಲೆಯನ್ನೂ ಇರಿಟಬಲ್ ಬವೆಲನ್ನೂ ಬೇರ್ಪಡಿಸುವುದಕ್ಕೆ. ಹಾಗಾಗಿ ಸೂಚನಾಪತ್ರ ಬಿಟ್ಟುಹೋದದ್ದನ್ನು ಇಲ್ಲಿ ತುಂಬಬೇಕಾಗಿದೆ.

ಇದು ಅಳೆಯುವುದು ಏನನ್ನು?

ಕ್ಯಾಲ್‌ಪ್ರೊಟೆಕ್ಟಿನ್ ಒಂದು ಪ್ರೊಟೀನು. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣದ ಒಳದ್ರವದಲ್ಲಿರುವ ಪ್ರೊಟೀನಿನ ಹೆಚ್ಚುಕಡಿಮೆ 60 ಪ್ರತಿಶತ ಇದೇ. ಎಸ್100ಎ8 ಮತ್ತು ಎಸ್100ಎ9 ಎಂಬ ಎರಡು ತುಣುಕುಗಳು ಜೋಡಿಯಾಗಿ ಇದು ಆಗುತ್ತದೆ. ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುತ್ತದೆ. ಸತು ಮತ್ತು ಮ್ಯಾಂಗನೀಸನ್ನು ಬ್ಯಾಕ್ಟೀರಿಯಾಗಳಿಗೆ ಸಿಗದಂತೆ ಬಚ್ಚಿಟ್ಟು ಅವನ್ನು ಹಸಿವಿನಿಂದ ಸೊರಗಿಸುತ್ತದೆ. ಕರುಳಿನ ಒಳಪದರದಲ್ಲಿ ಉರಿಯೂತವಾದಾಗ ನ್ಯೂಟ್ರೋಫಿಲ್‌ಗಳು ಅಲ್ಲಿಗೆ ನುಗ್ಗಿ, ಪದರ ದಾಟಿ, ಮಲದಲ್ಲಿ ಬಿದ್ದು ಒಡೆಯುತ್ತವೆ. ಆಗ ಹೊರಬಿದ್ದ ಪ್ರೊಟೀನು ಕ್ಯಾಲ್ಸಿಯಂ ಜೊತೆಗಿರುವುದರಿಂದ ಸುಲಭಕ್ಕೆ ಜೀರ್ಣವಾಗದೆ ಹಾಗೇ ಹೊರಬರುತ್ತದೆ. ಲ್ಯಾಬು ಅಳೆಯುವುದು ಇದನ್ನೇ: ಒಂದು ಗ್ರಾಂ ಮಲದಲ್ಲಿ ಎಷ್ಟು ಮೈಕ್ರೋಗ್ರಾಂ. ಪ್ರೊಟೀನನ್ನು ಮೊದಲು ಗುರುತಿಸಿದ್ದು 1980ರಲ್ಲಿ, ಮಲದಲ್ಲಿ ಅಳೆಯುವ ವಿಧಾನ ಬಂದದ್ದು 1992ರಲ್ಲಿ.

ಅಂದರೆ ಪರೀಕ್ಷೆ ಹೇಳುವುದು ಒಂದೇ ಮಾತು: ಇಲ್ಲಿ ನ್ಯೂಟ್ರೋಫಿಲ್‌ಗಳು ಇದ್ದವು. ಎಲ್ಲಿಂದ ಬಂದವು, ಯಾಕೆ ಬಂದವು ಎಂಬುದನ್ನು ಹೇಳುವುದಿಲ್ಲ. ಸಿಎಫ್ ಇಲ್ಲದವರಲ್ಲಿ ಈ ಕೊರತೆ ಅಷ್ಟು ಕಾಡುವುದಿಲ್ಲ. ಸಿಎಫ್ ಇರುವವರಲ್ಲಿ ಕಾಡುತ್ತದೆ. ಮುಂದೆ ಬರುವ ಎಚ್ಚರಿಕೆಗಳೆಲ್ಲ ಹುಟ್ಟುವುದು ಇಲ್ಲಿಂದಲೇ.

ಸಿಎಫ್ ಕರುಳು ಯಾಕೆ ಬೇರೆ?

ಸಿಎಫ್‌ಟಿಆರ್ ಜೀನನ್ನು (ಸಿಎಫ್ ಬರುವುದು ಇದು ಕೆಟ್ಟಾಗ) 1989ರಲ್ಲಿ ಕಂಡುಹಿಡಿದ ಮೇಲೂ ಬಹಳ ಕಾಲ ಗಮನವೆಲ್ಲ ಶ್ವಾಸಕೋಶದ ಮೇಲೇ ಇತ್ತು. ಆ ಜೀನಿನಿಂದ ಆಗುವ ಪ್ರೊಟೀನು ಜೀವಕೋಶದಿಂದ ಲವಣ ಹೊರಬಿಡುವ ಒಂದು ವಾಹಿನಿ. ಅದೇ ವಾಹಿನಿ ಕರುಳಿನ ಒಳಪದರದಲ್ಲೂ ಇದೆ. ಅದು ಕ್ಲೋರೈಡ್ ಮಾತ್ರವಲ್ಲ, ಬೈಕಾರ್ಬನೇಟನ್ನೂ ಹೊರಬಿಡುತ್ತದೆ. ಬೈಕಾರ್ಬನೇಟು ಕಡಿಮೆಯಾದರೆ ಎರಡು ತೊಂದರೆ. ಹೊಟ್ಟೆಯಿಂದ ಇಳಿದ ಆಮ್ಲ ಸಣ್ಣ ಕರುಳಿನ ಮೊದಲ ಭಾಗದಲ್ಲಿ ಸರಿಯಾಗಿ ತಣಿಯುವುದಿಲ್ಲ. ಲೋಳೆ ಬಿಚ್ಚಿಕೊಂಡು ತೆಳುವಾಗಿ ಹರಡುವ ಬದಲು ಅಂಟಾಗಿ ಗೋಡೆಗೆ ಮೆತ್ತಿಕೊಳ್ಳುತ್ತದೆ. ಆ ಅಂಟಿನೊಳಗೆ ಬ್ಯಾಕ್ಟೀರಿಯಾ ಬೀಡುಬಿಡುತ್ತವೆ. ಕರುಳಿನ ಚಲನೆ ನಿಧಾನವಾಗಿದ್ದರೆ ಅವುಗಳಿಗೆ ಇನ್ನೂ ಅನುಕೂಲ. ಸಿಎಫ್ ಇರುವವರಲ್ಲಿ ಸುಮಾರು 85 ಪ್ರತಿಶತ ಮಂದಿಗೆ ಮೇದೋಜೀರಕ ಗ್ರಂಥಿಯ ಕಿಣ್ವವೂ ಸಾಲುವುದಿಲ್ಲ. ಜೀರ್ಣವಾಗದ ಕೊಬ್ಬು ಕೆಳಗಿನವರೆಗೂ ಇಳಿಯುತ್ತದೆ. ಇದರ ಮೇಲೆ ವರ್ಷಗಟ್ಟಲೆ ಆ್ಯಂಟಿಬಯೋಟಿಕ್.

ಸಿಎಫ್‌ಟಿಆರ್ ಇಲ್ಲದ ಇಲಿಗಳಿಗೆ ನೀರು ಹಿಡಿದಿಡುವ ವಿರೇಚಕ ಕೊಟ್ಟಾಗ ಸಣ್ಣ ಕರುಳಿನ ಬ್ಯಾಕ್ಟೀರಿಯಾ ಹೊರೆ ಇಳಿದದ್ದು ಕಂಡುಬಂದಿದೆ. ಲೋಳೆ ಮತ್ತು ನಿಂತ ನೀರಿನ ಪಾತ್ರ ಎಷ್ಟು ದೊಡ್ಡದೆಂದು ಅದರಿಂದಲೇ ಊಹಿಸಬಹುದು.

ಇಂಥ ಕರುಳಿನಲ್ಲಿ ಸಣ್ಣಗೆ ಉರಿಯುವ ಉರಿಯೂತ ಸದಾ ಇರುವ ಸ್ಥಿತಿ. ಇದು ಬರೀ ಊಹೆಯಲ್ಲ. 2000ದಲ್ಲಿ ಕರುಳನ್ನು ತೊಳೆದ ದ್ರವವನ್ನು ಪರೀಕ್ಷಿಸಿದಾಗ ಸಿಎಫ್ ಇರುವ ಮಕ್ಕಳಲ್ಲಿ ಉರಿಯೂತದ ಗುರುತುಗಳು ಹೆಚ್ಚಿದ್ದವು. 2010ರಲ್ಲಿ ನುಂಗುವ ಕ್ಯಾಮೆರಾ ಕ್ಯಾಪ್ಸೂಲಿನಿಂದ ನೋಡಿದ ಅಧ್ಯಯನದಲ್ಲಿ ಹಲವರ ಸಣ್ಣ ಕರುಳಿನಲ್ಲಿ ಊತ, ಕೆಂಪು, ಒಳಪದರದ ಬಿರುಕು, ಕೆಲವೆಡೆ ಹುಣ್ಣು ಕೂಡ ಕಂಡಿತ್ತು. ಅದೇ ಅಧ್ಯಯನದಲ್ಲಿ ಮಲದ ಕ್ಯಾಲ್‌ಪ್ರೊಟೆಕ್ಟಿನ್ ಕೂಡ ಮೇಲಿತ್ತು. ಅಂಕಿ ಏರುವುದಕ್ಕೆ ಒಳಗೆ ನಿಜವಾದ ಕಾರಣ ಇರಬಹುದೆಂಬ ನಂಬಿಕೆಗೆ ಇದು ಆಧಾರ.

ಯಾವ ಬಗೆಯದು ಕೊಳ್ಳಬೇಕು?

ಮಾರುಕಟ್ಟೆಯಲ್ಲಿ ಮೂರು ಬಗೆ. ಮೊದಲನೆಯದು ಲ್ಯಾಬಿನ ಪೂರ್ಣ ಅಳತೆ, ಎಲೈಸಾ ಅಥವಾ ಯಂತ್ರದಲ್ಲಿ ಮಾಡುವ ಇಮ್ಯುನೊಅಸ್ಸೇ (ಎರಡೂ ಪ್ರತಿಕಾಯ ಬಳಸಿ ಪ್ರೊಟೀನನ್ನು ಅಳೆಯುವ ವಿಧಾನಗಳು). ಎರಡನೆಯದು ಮನೆಯಲ್ಲೇ ಕ್ಯಾಸೆಟ್ ಮೇಲೆ ಹನಿ ಹಾಕಿ, ಫೋನಿನ ಕ್ಯಾಮೆರಾದಿಂದ ಅಂಕಿ ಓದುವ ಕಿಟ್. ಮೂರನೆಯದು ಗೆರೆ ಬಂತೋ ಇಲ್ಲವೋ ಎಂದಷ್ಟೇ ಹೇಳುವ ಪಟ್ಟಿ.

ಮೂರನೆಯದನ್ನು ಸಿಎಫ್ ಇರುವವರು ಕೊಳ್ಳಲೇಬಾರದು. ಅದರ ಗಡಿ ಸಾಮಾನ್ಯವಾಗಿ 50ರ ಆಸುಪಾಸಿನಲ್ಲಿರುತ್ತದೆ. ಸಿಎಫ್ ಇರುವ ಬಹಳ ಜನ ಆರಾಮಾಗಿದ್ದಾಗಲೂ ಆ ಗಡಿಯ ಮೇಲೇ ಇರುತ್ತಾರೆ. ಸದಾ ಕೂಗುವ ಗಂಟೆಯಿಂದ ಕಳ್ಳ ಬಂದದ್ದು ಗೊತ್ತಾಗುವುದಾದರೂ ಹೇಗೆ?

ಎರಡನೆಯದು ಆಸ್ಪತ್ರೆ ದೂರವಿರುವವರಿಗೆ, ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಸೋಂಕಿಗೆ ಅಂಜುವವರಿಗೆ ಅನುಕೂಲ. ಅದರ ದೌರ್ಬಲ್ಯ ಮಾದರಿ ತೆಗೆಯುವ ಕಡ್ಡಿಯಲ್ಲಿದೆ. ಆ ಕಡ್ಡಿಯ ತುದಿಯಲ್ಲಿ ಸಣ್ಣ ಸಣ್ಣ ಕಚ್ಚುಗಳಿರುತ್ತವೆ. ಗಟ್ಟಿ ಮಲದಲ್ಲಿ ಚುಚ್ಚಿ ತೆಗೆದರೆ ಆ ಕಚ್ಚುಗಳು ಸರಿಯಾದ ತೂಕದಷ್ಟು ತುಂಬುತ್ತವೆ, ಹೆಚ್ಚಿನದನ್ನು ಕೊಳವೆಯ ಬಾಯಿ ಒರೆಸಿಹಾಕುತ್ತದೆ. ಅಂದರೆ ಇಲ್ಲಿ ತೂಗುವುದೇ ಇಲ್ಲ; ಕಚ್ಚು ತುಂಬಿತೆಂದರೆ ತೂಕ ಸರಿ ಎಂಬ ಲೆಕ್ಕ. ನೀರಾದ ಮಲ ಕಚ್ಚಿನಲ್ಲಿ ನಿಲ್ಲದೆ ಸೋರಿಹೋಗುತ್ತದೆ. ಅಂಕಿ ಕಡಿಮೆ ಬರುತ್ತದೆ. ಜಿಡ್ಡು ತುಂಬಿದ ಮಲ ಕಡ್ಡಿಯ ಮೇಲ್ಭಾಗಕ್ಕೂ ಮೆತ್ತಿಕೊಂಡು, ಒರೆಸುವ ಬಾಯಿಯಲ್ಲಿ ಪೂರ್ತಿ ಹೋಗದೆ, ಹೆಚ್ಚಿನ ಮಾಲು ಕೊಳವೆಗೆ ಇಳಿಯುತ್ತದೆ. ಇಲ್ಲವೇ ಕಚ್ಚಿನೊಳಗೆ ಗಾಳಿಗುಳ್ಳೆ ಉಳಿದು ಕಡಿಮೆ ಇಳಿಯುತ್ತದೆ. ಕಿಣ್ವ ಸಾಲದೆ ಕೊಬ್ಬು ಹೋಗುವವರಲ್ಲಿ ಈ ಎರಡೂ ಬಗೆಯ ಮಲ ಮಾಮೂಲು. ಹಾಗಾಗಿ ಮನೆ ಕಿಟ್ಟಿನ ಅಂಕಿ ಸಿಎಫ್‌ನಲ್ಲಿ ಉಳಿದವರಿಗಿಂತ ಹೆಚ್ಚು ಆಚೀಚೆ ಆಗುತ್ತದೆಂದೇ ಎಣಿಸಬೇಕು. ಕೆಲವು ಕಿಟ್‌ಗಳು 1000ದ ಮೇಲೆ ಅಂಕಿ ಕೊಡುವುದೂ ಇಲ್ಲ. 1000ಕ್ಕಿಂತ ಹೆಚ್ಚು ಎಂದು ಹೇಳಿ ಸುಮ್ಮನಾಗುತ್ತವೆ. 2400 ಇದ್ದದ್ದು 1200ಕ್ಕೆ ಇಳಿದರೆ ಅದು ದೊಡ್ಡ ಸುಧಾರಣೆ, ಆದರೆ ಕಿಟ್ಟಿಗೆ ಅದು ಕಾಣುವುದಿಲ್ಲ.

ನಮ್ಮ ಆಯ್ಕೆ ಮೊದಲನೆಯದು. ಅದರಲ್ಲೂ ಲ್ಯಾಬಿನವರು ಮಾದರಿಯನ್ನು ತಕ್ಕಡಿಯಲ್ಲಿ ತೂಗುತ್ತಾರೋ, ಅವರೂ ಕಚ್ಚಿನ ಕಡ್ಡಿಯನ್ನೇ ಬಳಸುತ್ತಾರೋ ಎಂದು ಕೇಳಿ. ಕಡ್ಡಿ ಬಳಸುವ ಲ್ಯಾಬಾದರೆ, ಮಲ ನೀರಾಗಿದ್ದಾಗ ಪಿಪೆಟ್‌ನಿಂದ ತೆಗೆಯುವ ಪದ್ಧತಿ ಇದೆಯೇ ಎಂದೂ ಕೇಳಿ. ಈ ಎರಡು ಪ್ರಶ್ನೆಗೆ ಥಟ್ಟನೆ ಉತ್ತರ ಕೊಡುವ ಲ್ಯಾಬು ನಂಬಿಕೆಗೆ ಅರ್ಹ.

ಒಂದು ಸಲ ಆರಿಸಿದ ಮೇಲೆ ಲ್ಯಾಬು ಬದಲಿಸಬೇಡಿ. ಬೇರೆ ಬೇರೆ ತಯಾರಕರ ಕಿಟ್‌ಗಳು ಒಂದೇ ಮಾದರಿಗೆ ಕೊಡುವ ಅಂಕಿ ಹಲವು ಪಟ್ಟು ಬೇರೆಯಾಗಬಹುದು. ಇವುಗಳ ನಡುವೆ ಒಪ್ಪಿತವಾದ ಸಮಾನ ಮಾನದಂಡವಿಲ್ಲ. ಒಂದು ಲ್ಯಾಬಿನ 180ನ್ನು ಇನ್ನೊಂದರ 320ರ ಜೊತೆ ಇಟ್ಟು ಏರಿತು ಎಂದು ಕೊರಗುವುದು ಮೊಳ ಮತ್ತು ಗಜವನ್ನು ಕೂಡಿಸಿದಂತೆ. ರಿಪೋರ್ಟಿನಲ್ಲಿ ವಿಧಾನದ ಹೆಸರು ಅಚ್ಚಾಗಿಲ್ಲದಿದ್ದರೆ ಬರೆಸಿಕೊಳ್ಳಿ.

ಮಾದರಿ ತೆಗೆಯುವುದು

ಅರ್ಧಕ್ಕರ್ಧ ತಪ್ಪು ನಡೆಯುವುದು ಇಲ್ಲೇ, ಲ್ಯಾಬಿನಲ್ಲಲ್ಲ.

ಬೆಳಗಿನ ಮೊದಲ ಮಲವೇ ಆಗಲಿ. ಕರುಳಿನಲ್ಲಿ ಹೆಚ್ಚು ಹೊತ್ತು ನಿಂತ ಮಲದಲ್ಲಿ ಅಂಕಿ ಹೆಚ್ಚು ಬರುತ್ತದೆ; ಒಂದೇ ದಿನದ ಎರಡು ಮಾದರಿಗಳಲ್ಲೂ ಗಮನಾರ್ಹ ವ್ಯತ್ಯಾಸ ಇರುತ್ತದೆ. ಪ್ರತಿ ಸಲವೂ ಅದೇ ಹೊತ್ತಿನದನ್ನು ಕೊಟ್ಟರೆ ಕನಿಷ್ಠ ಆ ಒಂದು ಗೊಂದಲ ಕಡಿಮೆಯಾಗುತ್ತದೆ. ಮಲ ಶೌಚಾಲಯದ ನೀರಿಗೆ ಬೀಳಬಾರದು, ಮೂತ್ರವೂ ಬೆರೆಯಬಾರದು. ಒಣಗಿದ, ಅಗಲ ಬಾಯಿಯ ಪಾತ್ರೆಯೊಂದನ್ನು ಅಡಿಯಲ್ಲಿ ಇಟ್ಟುಕೊಳ್ಳಿ. ಕೈಗವಸು ಹಾಕಿಕೊಂಡು, ಡಬ್ಬಿಯ ಮುಚ್ಚಳಕ್ಕೆ ಅಂಟಿದ ಚಮಚದಿಂದ ಮೂರು ನಾಲ್ಕು ಬೇರೆ ಬೇರೆ ಜಾಗದಿಂದ ಚೂರು ಚೂರು ತೆಗೆದು ಹಾಕಿ. ಒಂದೇ ಕಡೆಯಿಂದ ತೆಗೆದರೆ ಅಲ್ಲಿ ಲೋಳೆಯ ಎಳೆ ಇದ್ದರೆ ಅಂಕಿ ಹಾರುತ್ತದೆ, ಇಲ್ಲದಿದ್ದರೆ ಇಳಿಯುತ್ತದೆ. ನ್ಯೂಟ್ರೋಫಿಲ್‌ಗಳು ಮಲದಲ್ಲಿ ಒಂದೇ ಸಮ ಹರಡಿರುವುದಿಲ್ಲ. ಲೋಳೆ ಕಂಡರೆ ಅದನ್ನೇ ಹುಡುಕಿ ತೆಗೆಯಲೂ ಬೇಡಿ, ಬೇಕೆಂದೇ ಬಿಡಲೂ ಬೇಡಿ. ಒಟ್ಟು 2ರಿಂದ 5 ಗ್ರಾಂ ಸಾಕು, ಅಂದರೆ ಕಡಲೆಕಾಳಿನ ಗಾತ್ರದ ಕೆಲವು ತುಂಡು. ಡಬ್ಬಿ ಕಂಠಪೂರ್ತಿ ತುಂಬಿದರೆ ಅನಿಲ ಹುಟ್ಟಿ ಮುಚ್ಚಳ ಹಾರುತ್ತದೆ. ಸಿಎಫ್ ಮಲದಲ್ಲಿ ಇದು ತಮಾಷೆಯ ಮಾತಲ್ಲ.

ಈ ಪ್ರೊಟೀನು ಕೋಣೆಯ ಉಷ್ಣಾಂಶದಲ್ಲಿ 7 ದಿನ ಕೆಡದೆ ಉಳಿಯುತ್ತದೆಂದು ಹಳೆಯ ಸೂಚನೆಗಳು ಹೇಳುತ್ತವೆ. ಆಮೇಲಿನ ಅಳತೆಗಳು ಅಷ್ಟು ಉದಾರವಾಗಿಲ್ಲ. 3 ದಿನ ದಾಟಿದರೆ ಅಂಕಿ ಇಳಿಯತೊಡಗುತ್ತದೆ. ತೆಗೆದ ಕೂಡಲೇ ಫ್ರಿಜ್ಜಿನ 2ರಿಂದ 8 ಡಿಗ್ರಿಯಲ್ಲಿಟ್ಟು 3 ದಿನದೊಳಗೆ ತಲುಪಿಸಿ. ಅಂಚೆಯಲ್ಲಿ ಕಳಿಸುವ ಸೇವೆಯಾದರೆ ವಾರದ ಕೊನೆಗೆ ಕಳಿಸಬೇಡಿ, ಡಬ್ಬಿ ಎರಡು ದಿನ ಯಾವುದೋ ಗೋದಾಮಿನ ಬಿಸಿಯಲ್ಲಿ ಕೂರುತ್ತದೆ. ಅಂಚೆ ಸೇವೆಗಳಲ್ಲಿ ಉತ್ತಮವಾದವು ಮಾದರಿಯನ್ನು ಮೊದಲೇ ದ್ರಾವಣವಿರುವ ಕೊಳವೆಗೆ ಹಾಕಿಸುತ್ತವೆ. ದ್ರಾವಣದಲ್ಲಿ ಪ್ರೊಟೀನು ಹೆಚ್ಚು ಗಟ್ಟಿಯಾಗಿ ಉಳಿಯುತ್ತದೆ. ಆದರೆ ಆಗ ಮತ್ತೆ ಕಚ್ಚಿನ ಕಡ್ಡಿಯ ಗೋಳು. ಜಿಡ್ಡು ಮಲದವರು ಡಬ್ಬಿಯನ್ನು ತಣ್ಣಗಿಟ್ಟು ಕೈಯಾರೆ ತಲುಪಿಸುವುದೇ ಮೇಲು.

ಡೈಪರ್ ಹಾಕುವ ಮಕ್ಕಳಲ್ಲಿ ಇನ್ನೊಂದು ಜಾಗ್ರತೆ ಬೇಕು. ಡೈಪರು ನೀರನ್ನು ಹೀರಿಕೊಂಡರೆ ಉಳಿದದ್ದು ಗಟ್ಟಿಯಾಗಿ, ಪ್ರತಿ ಗ್ರಾಮಿನ ಅಂಕಿ ಸುಳ್ಳೇ ಏರುತ್ತದೆ. ಡೈಪರಿನ ಒಳಗೆ ತೆಳು ಪ್ಲಾಸ್ಟಿಕ್ ಹಾಳೆ ಹಾಸಿ ಅದರ ಮೇಲಿಂದ ತೆಗೆಯಿರಿ.

ಅಂಕಿ ಸುಳ್ಳು ಹೇಳುವ ಸಂದರ್ಭಗಳು

ಸಿಎಫ್‌ಗೇ ವಿಶೇಷವಾದ ಮೊದಲ ತೊಡಕು ಕಫ. ಶ್ವಾಸಕೋಶದ ಕಫದಲ್ಲಿ ನ್ಯೂಟ್ರೋಫಿಲ್‌ಗಳು ಕಿಕ್ಕಿರಿದಿರುತ್ತವೆ, ಅದರ ಜೊತೆಗೆ ಕ್ಯಾಲ್‌ಪ್ರೊಟೆಕ್ಟಿನ್ನೂ. ಮಕ್ಕಳಂತೂ ಕಫ ಉಗುಳುವುದಿಲ್ಲ, ನುಂಗುತ್ತಾರೆ. ನುಂಗಿದ್ದರಲ್ಲಿ ಎಷ್ಟು ಪಾಲು ಜೀರ್ಣವಾಗದೆ ಕೆಳಗಿನವರೆಗೂ ಬರುತ್ತದೆ ಎಂಬುದು ಚರ್ಚೆಯ ವಿಷಯ; ಪ್ರೊಟೀನು ಜೀರ್ಣಿಸುವ ಕಿಣ್ವವೂ ಇವರಲ್ಲಿ ಕಡಿಮೆ ಎಂಬುದನ್ನು ಮರೆಯಬಾರದು. ಕ್ಯಾಪ್ಸೂಲ್ ಕ್ಯಾಮೆರಾ ಕಣ್ಣಾರೆ ತೋರಿಸಿದ ಹುಣ್ಣುಗಳನ್ನು ಕಫದ ತಲೆಗೆ ಕಟ್ಟಲಾಗುವುದಿಲ್ಲ, ನಿಜ. ಆದರೂ ಶ್ವಾಸಕೋಶದ ಸೋಂಕು ಕೆರಳಿರುವ ವಾರಗಳಲ್ಲಿ ಈ ಪರೀಕ್ಷೆ ಮಾಡಿಸುವುದು ವ್ಯರ್ಥ. ಕೆಮ್ಮು ಮಾಮೂಲಿಗೆ ಮರಳಿ ಕೆಲವು ವಾರ ಕಳೆಯಲಿ.

ಎರಡನೆಯದು ಮಾತ್ರೆಗಳು. ಐಬುಪ್ರೊಫೆನ್ ಬಗೆಯ ನೋವುನಿವಾರಕಗಳು ಸಣ್ಣ ಕರುಳಿನ ಒಳಪದರವನ್ನು ಕೆರಳಿಸಿ ಅಂಕಿ ಏರಿಸುತ್ತವೆ. ಸಾಮಾನ್ಯ ಸೂಚನಾಪತ್ರ ಹೇಳುವುದು 2 ವಾರ ನಿಲ್ಲಿಸಿ ಪರೀಕ್ಷೆ ಮಾಡಿಸಿ ಎಂದು. ಇಲ್ಲಿ ನಿಲ್ಲಬೇಕು! ಸಿಎಫ್ ಇರುವ ಕೆಲವು ಮಕ್ಕಳಿಗೆ ಶ್ವಾಸಕೋಶದ ಹಾನಿ ನಿಧಾನಿಸಲೆಂದೇ ಐಬುಪ್ರೊಫೆನ್ನನ್ನು ಹೆಚ್ಚಿನ ಪ್ರಮಾಣದಲ್ಲಿ, ರಕ್ತದ ಮಟ್ಟ ನೋಡಿ ಕೊಡಲಾಗುತ್ತದೆ. ಒಂದು ಮಲದ ಅಂಕಿಗಾಗಿ ಅದನ್ನು ತಾವಾಗಿ ನಿಲ್ಲಿಸುವಂತಿಲ್ಲ. ನಿಲ್ಲಿಸದೆ ಮಾಡಿಸಿ, ಚೀಟಿಯಲ್ಲಿ ಬರೆದುಕೊಡಿ. ಆಮ್ಲ ತಗ್ಗಿಸುವ ಒಮೆಪ್ರಜೋಲ್ ಬಗೆಯವೂ ಅಂಕಿ ಏರಿಸುತ್ತವೆ. ಕಿಣ್ವದ ಕ್ಯಾಪ್ಸೂಲು ಚೆನ್ನಾಗಿ ಕೆಲಸ ಮಾಡಲೆಂದು ಇದನ್ನು ತೆಗೆದುಕೊಳ್ಳುವವರು ಸಿಎಫ್‌ನಲ್ಲಿ ಬಹಳ. ಇದಕ್ಕೂ ಅದೇ ನಿಯಮ: ನಿಲ್ಲಿಸಬೇಡಿ, ಆದರೆ ಎರಡು ಪರೀಕ್ಷೆಗಳ ನಡುವೆ ಹೊಸದಾಗಿ ಶುರುವಾಗಿದ್ದರೆ ಏರಿಕೆಯ ಲೆಕ್ಕದಲ್ಲಿ ಅದನ್ನೂ ಹಿಡಿಯಿರಿ.

ಮ್ಯಾಕ್ರೊಗಾಲ್‌ನಂಥ ನೀರು ಹಿಡಿದಿಡುವ ವಿರೇಚಕ ಮಲವನ್ನು ತೆಳುವಾಗಿಸಿ ಪ್ರತಿ ಗ್ರಾಮಿನ ಅಂಕಿಯನ್ನು ಇಳಿಸುತ್ತದೆ. ಕರುಳು ಕಟ್ಟಿಕೊಂಡು ಅದನ್ನು ದೊಡ್ಡ ಪ್ರಮಾಣದಲ್ಲಿ ಕುಡಿದ ವಾರದಲ್ಲಿ ಬಂದ ಒಳ್ಳೆಯ ಅಂಕಿಗೆ ಹಿಗ್ಗಬೇಡಿ. ಮೂಗಿನ ರಕ್ತ ನುಂಗಿದ್ದು, ಮುಟ್ಟಿನ ರಕ್ತ ಬೆರೆತದ್ದು, ಕರುಳಿನ ಸೋಂಕು ಇವೆಲ್ಲ ಏರಿಸುವ ಕಡೆಯವು. ಸೋಂಕಿನ ವಿಷಯದಲ್ಲಿ ಒಂದು ಸಿಕ್ಕಿದೆ. ಕ್ಲಾಸ್ಟ್ರಿಡಿಯೊಯಿಡಿಸ್ ಡಿಫಿಸೀಲ್ ಎಂಬ ಬ್ಯಾಕ್ಟೀರಿಯಾ ಸಿಎಫ್ ಇರುವ ಅನೇಕರ ಕರುಳಿನಲ್ಲಿ ಯಾವ ತೊಂದರೆಯನ್ನೂ ಕೊಡದೆ ವಾಸಿಸುತ್ತದೆ. ಅಂಕಿ ಏರಿತೆಂದು ಪರೀಕ್ಷಿಸಿ, ಅದು ಸಿಕ್ಕಿತೆಂದು ಅದನ್ನೇ ಅಪರಾಧಿ ಮಾಡುವ ಅಪಾಯ ಇದೆ. ಹಾಗೆಂದು ಪೂರ್ತಿ ಕಡೆಗಣಿಸುವಂತೆಯೂ ಇಲ್ಲ, ಕೆಲವೊಮ್ಮೆ ಇವರಲ್ಲಿ ಬೇಧಿಯೇ ಇಲ್ಲದೆ ಆ ಸೋಂಕು ಗಂಭೀರವಾಗುವುದುಂಟು. ತೀರ್ಮಾನ ಸಿಎಫ್ ಬಲ್ಲ ವೈದ್ಯರದೇ ಆಗಿರಲಿ.

ಅಂಕಿ ಓದುವುದು

ರಿಪೋರ್ಟಿನ ಪಟ್ಟಿ ಸಾಮಾನ್ಯವಾಗಿ ಹೀಗೆ ಹೇಳುತ್ತದೆ: 50ಕ್ಕಿಂತ ಕಡಿಮೆ ಇದ್ದರೆ ಸಹಜ, 50ರಿಂದ 200 ಅಥವಾ 250ರವರೆಗೆ ಅನುಮಾನದ ವಲಯ, ಅದರ ಮೇಲೆ ಸಕ್ರಿಯ ಉರಿಯೂತ. ಸಿಎಫ್ ಇರುವವರಿಗೆಂದು ಬೇರೆ ಗಡಿಯನ್ನು ಯಾರೂ ಅಧಿಕೃತವಾಗಿ ನಿಗದಿ ಮಾಡಿಲ್ಲ. ಆದ್ದರಿಂದ ಈ ಸೇವೆ ಕೊಡುವವರಲ್ಲಿ ಸಿಎಫ್‌ಗೂ ಇದೇ ಪಟ್ಟಿಯನ್ನು ಕೆಂಪು ಬಣ್ಣ ಬಳಿದು ಅಚ್ಚು ಹಾಕುವವರ ಬಗ್ಗೆ ನಮ್ಮ ದೂರು ಇದೆ. 140 ಎಂಬ ಅಂಕಿಯ ಪಕ್ಕ ಕೆಂಪು ಬಾಣ ಕಂಡ ಕೂಡಲೇ ಮನೆಯವರ ನಿದ್ದೆ ಹಾರುತ್ತದೆ. ಸಿಎಫ್ ಕರುಳಿನಲ್ಲಿ 140 ಅಪರೂಪವೇನಲ್ಲ.

ನಾವು ಓದುವ ಕ್ರಮ ಬೇರೆ. ಆರೋಗ್ಯ ಸ್ಥಿರವಾಗಿರುವಾಗ ಒಂದೆರಡು ತಿಂಗಳ ಅಂತರದಲ್ಲಿ ಎರಡು ಮಾದರಿ ಕೊಟ್ಟು ನಿಮ್ಮ ಮಾಮೂಲಿ ಮಟ್ಟ ಯಾವುದೆಂದು ಗುರುತಿಸಿಕೊಳ್ಳಿ. ಆಮೇಲೆ ಬಂದದ್ದು ಅದರ ಒಂದೂವರೆ ಪಟ್ಟಿನೊಳಗೇ ಇದ್ದರೆ ಅದು ದಿನದಿನದ ಏರಿಳಿತವೂ ಆಗಿರಬಹುದು. ದುಪ್ಪಟ್ಟಾಗಿದ್ದರೆ 4ರಿಂದ 6 ವಾರದಲ್ಲಿ ಮತ್ತೆ ಮಾಡಿಸಿ, ಮೇಲೆ ಹೇಳಿದ ಕಾರಣಗಳನ್ನು ಒಂದೊಂದಾಗಿ ತಳ್ಳಿಹಾಕಿ. ಈ ಒಂದೂವರೆ, ದುಪ್ಪಟ್ಟು ಎಂಬುದು ಬಳಕೆಯ ಲೆಕ್ಕ, ಶಾಸ್ತ್ರವಲ್ಲ. ಎರಡನೆಯದೂ ಹಾಗೇ ಮೇಲಿದ್ದು, ಜೊತೆಗೆ ತೂಕ ಇಳಿಯುತ್ತಿದ್ದರೆ, ಮಲದಲ್ಲಿ ರಕ್ತವಿದ್ದರೆ, ರಕ್ತಹೀನತೆ ಇದ್ದರೆ, ಇಲ್ಲವೇ ಕಿಣ್ವದ ಪ್ರಮಾಣ ಸರಿಯಿದ್ದೂ ಹೊಟ್ಟೆನೋವು ಬಿಡದಿದ್ದರೆ, ಜಠರ-ಕರುಳಿನ ತಜ್ಞರ ಬಳಿ ಹೋಗಲು ಅಷ್ಟು ಸಾಕು. ಕ್ರೋನ್ಸ್ ಮತ್ತು ಸೀಲಿಯಾಕ್ (ಗೋಧಿಯ ಗ್ಲುಟೆನ್‌ನಿಂದ ಕರುಳು ಕೆಡುವ ಕಾಯಿಲೆ) ಎರಡೂ ಸಿಎಫ್ ಇರುವವರಲ್ಲಿ ಉಳಿದವರಿಗಿಂತ ಹೆಚ್ಚು ಕಾಣುತ್ತವೆ. ಎಲ್ಲವನ್ನೂ ಸಿಎಫ್ ತಲೆಗೆ ಕಟ್ಟಿದರೆ ಅವು ತಪ್ಪಿಹೋಗುತ್ತವೆ.

ಮಕ್ಕಳ ಲೆಕ್ಕವೇ ಬೇರೆ. ಆರೋಗ್ಯವಂತ ಹಸುಗೂಸಿನಲ್ಲೂ ಅಂಕಿ ನೂರಾರು ಇರುತ್ತದೆ, ವಯಸ್ಸಾದಂತೆ ಇಳಿದು ಸುಮಾರು 4 ವರ್ಷದ ಹೊತ್ತಿಗೆ ದೊಡ್ಡವರ ಮಟ್ಟಕ್ಕೆ ಬರುತ್ತದೆ. ಸಿಎಫ್ ಇರುವ ಮಕ್ಕಳಲ್ಲಿ ಈ ಇಳಿಜಾರೇ ಬೇರೆ ಆಕಾರದ್ದು. ಎಳವೆಯಲ್ಲಿ ಅಂಕಿ ಅಷ್ಟೇನೂ ಮೇಲಿರದೆ, 4 ವರ್ಷ ದಾಟಿದ ಮೇಲೆ ಓರಗೆಯವರಿಗಿಂತ ಮೇಲೆ ಹೋಗುತ್ತದೆ. ಹಾಗಾಗಿ ಎರಡು ವರ್ಷದ ಮಗುವಿನ ಅಂಕಿಯನ್ನು ದೊಡ್ಡವರ ಪಟ್ಟಿಯಲ್ಲಿ ಹುಡುಕುವುದಕ್ಕೆ ಅರ್ಥವಿಲ್ಲ. ಶಾಲೆಗೆ ಹೋಗುವ ವಯಸ್ಸಿನಲ್ಲಿ ಮಾತ್ರ ಇದಕ್ಕೆ ಬೆಲೆ ಹೆಚ್ಚು. ಅಂಕಿ ಏರಿದ ಮಕ್ಕಳಲ್ಲಿ ಬೆಳವಣಿಗೆ ಹಿಂದೆ ಬಿದ್ದಿರುವುದನ್ನು ಅಧ್ಯಯನಗಳು ಗುರುತಿಸಿವೆ. ಕಿಣ್ವ, ಆಹಾರ ಎರಡೂ ಸರಿಯಿದ್ದು ತೂಕ ಮಾತ್ರ ಹತ್ತದ ಮಗುವಿಗೆ ಮುಂದಿನ ಹೆಜ್ಜೆಯಾಗಿ ಇದನ್ನು ಮಾಡಿಸುವುದು ಸರಿ.

ಒಂದೇ ಡಬ್ಬಿಯಿಂದ ಇಲಾಸ್ಟೇಸ್ ಕೂಡ ಮಾಡಿಕೊಡುತ್ತೇವೆಂದು ಜೋಡಿ ಪ್ಯಾಕೇಜು ಮಾರುವವರಿದ್ದಾರೆ. ಎರಡೂ ಬೇರೆ ಪ್ರಶ್ನೆಗೆ ಉತ್ತರ. ಇಲಾಸ್ಟೇಸ್ ಹೇಳುವುದು ಮೇದೋಜೀರಕ ಗ್ರಂಥಿ ಕಿಣ್ವ ಮಾಡುತ್ತಿದೆಯೇ ಎಂಬುದನ್ನು. 200ಕ್ಕಿಂತ ಕಡಿಮೆಯಾದರೆ ಕೊರತೆ, 100ಕ್ಕಿಂತ ಕಡಿಮೆಯಾದರೆ ತೀವ್ರ ಕೊರತೆ. ಮಾನವನ ಇಲಾಸ್ಟೇಸನ್ನಷ್ಟೇ ಗುರುತಿಸುವ ವಿಧಾನವಾದರೆ ಹಂದಿಯ ಮೂಲದ ಕಿಣ್ವದ ಕ್ಯಾಪ್ಸೂಲಿನಿಂದ ಅಡ್ಡಿಯಿಲ್ಲ, ಅದನ್ನು ನಿಲ್ಲಿಸಬೇಕಾಗಿಯೂ ಇಲ್ಲ. ಗ್ರಂಥಿ ಕೆಲಸ ಮಾಡುತ್ತಿಲ್ಲವೆಂದು ಒಮ್ಮೆ ಖಚಿತವಾದವರು ಪ್ರತಿ ಸಲವೂ ಇದಕ್ಕೆ ದುಡ್ಡು ಕೊಡಬೇಕಿಲ್ಲ. ಹೊಸದಾಗಿ ಮಾಡ್ಯುಲೇಟರ್ (ಕೆಟ್ಟ ಸಿಎಫ್‌ಟಿಆರ್ ವಾಹಿನಿಯನ್ನು ದುರಸ್ತಿ ಮಾಡುವ ಔಷಧ) ಶುರುಮಾಡಿದ ಚಿಕ್ಕ ಮಕ್ಕಳ ವಿಷಯ ಬೇರೆ, ಅವರಲ್ಲಿ ಕೆಲವೊಮ್ಮೆ ಇಲಾಸ್ಟೇಸ್ ಮೇಲೇರುತ್ತದೆ.

ಮಾಡ್ಯುಲೇಟರ್ ತೆಗೆದುಕೊಳ್ಳುವವರಿಗೆ

ಈ ಪರೀಕ್ಷೆ ತನ್ನ ಬೆಲೆಯನ್ನು ಪೂರ್ತಿ ತೀರಿಸುವುದು ಇಲ್ಲಿ. ಐವಾಕಾಫ್ಟರ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2012ರಲ್ಲಿ, ಮೂರು ಔಷಧಗಳ ಜೋಡಣೆಗೆ 2019ರಲ್ಲಿ. ಇವು ವಾಹಿನಿಯನ್ನೇ ದುರಸ್ತಿ ಮಾಡುವುದರಿಂದ ಕರುಳಿನ ಮೇಲೂ ಪರಿಣಾಮ ಇರಬೇಕಷ್ಟೆ. ಲುಮಾಕಾಫ್ಟರ್-ಐವಾಕಾಫ್ಟರ್ ಪಡೆದ ಹದಿಹರೆಯದವರ ಚಿಕ್ಕ ಗುಂಪಿನಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಗಣನೀಯವಾಗಿ ಇಳಿಯಿತು. ಮೂರು ಔಷಧಗಳ ಜೋಡಣೆ ಪಡೆದವರ ದೊಡ್ಡ ಗುಂಪಿನಲ್ಲೂ 6 ತಿಂಗಳ ಹೊತ್ತಿಗೆ ಇಳಿಕೆ ಕಂಡಿತು. ಕುತೂಹಲದ ಸಂಗತಿಯೆಂದರೆ ಹೊಟ್ಟೆಯುಬ್ಬರ, ನೋವು, ಮಲಬದ್ಧತೆಯಂಥ ಲಕ್ಷಣಗಳು ಅಷ್ಟೇ ಪ್ರಮಾಣದಲ್ಲಿ ಇಳಿಯಲಿಲ್ಲ. ಹೊಟ್ಟೆ ಹೇಳುವುದೂ ಡಬ್ಬಿ ಹೇಳುವುದೂ ಒಂದೇ ಅಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ.

ಮಾತ್ರೆ ಶುರುಮಾಡುವ ಮೊದಲು ಒಂದು ಮಾದರಿ ಕೊಟ್ಟಿರಲೇಬೇಕು. ಆಮೇಲೆ 3 ತಿಂಗಳು ಮತ್ತು 6 ತಿಂಗಳಿಗೆ. ಮೊದಲಿನದಿಲ್ಲದೆ 6 ತಿಂಗಳ 90 ಎಂಬ ಅಂಕಿ ಒಳ್ಳೆಯದೋ ಕೆಟ್ಟದ್ದೋ ಹೇಳಲು ಬರುವುದಿಲ್ಲ.

ಇದರ ಕೈಲಾಗದ ಕೆಲಸಗಳು

ಸಣ್ಣ ಕರುಳಿನಲ್ಲಷ್ಟೇ ಇರುವ ಉರಿಯೂತವನ್ನು ಹಿಡಿಯುವುದರಲ್ಲಿ ಈ ಪರೀಕ್ಷೆ ದೊಡ್ಡ ಕರುಳಿನಷ್ಟು ಚುರುಕಲ್ಲ. ಸಿಎಫ್‌ನ ತೊಂದರೆ ಹೆಚ್ಚಾಗಿ ಸಣ್ಣ ಕರುಳಿನದ್ದೇ. ಅಂಕಿ ಸಹಜವೆಂದರೆ ಕರುಳು ಶುಭ್ರ ಎಂದು ಅರ್ಥವಲ್ಲ. ಸಣ್ಣ ಕರುಳಿನ ತುದಿ ಕಟ್ಟಿಕೊಳ್ಳುವ ಡಯೋಸ್ ಎಂಬ ಅವಸ್ಥೆಯನ್ನು ಇದು ಗುರುತಿಸುವುದಿಲ್ಲ. ಹೊಟ್ಟೆ ಬಲಭಾಗದ ಕೆಳಗೆ ಗಂಟಾಗಿ, ಹಸಿರು ವಾಂತಿ ಬಂದರೆ ಡಬ್ಬಿ ಹುಡುಕಬೇಡಿ, ತುರ್ತು ಚಿಕಿತ್ಸೆಗೆ ಹೋಗಿ. ದೊಡ್ಡ ಕರುಳಿನ ಕ್ಯಾನ್ಸರ್ ತಪಾಸಣೆಗೂ ಇದು ಬದಲಿಯಲ್ಲ. ಆ ಅಪಾಯ ಸಿಎಫ್ ಇರುವವರಲ್ಲಿ ಉಳಿದವರ ಹಲವು ಪಟ್ಟು. ಕೊಲೊನೊಸ್ಕೋಪಿಯನ್ನು (ಕ್ಯಾಮೆರಾ ಕೊಳವೆ ಇಳಿಸಿ ದೊಡ್ಡ ಕರುಳು ನೋಡುವುದು) 40ನೇ ವಯಸ್ಸಿನಿಂದ, ಅಂಗಾಂಗ ಕಸಿಯಾದವರು 30ರಿಂದ ಶುರುಮಾಡಬೇಕೆಂದು 2018ರ ಅಮೆರಿಕದ ಮಾರ್ಗಸೂಚಿ ಹೇಳುತ್ತದೆ. ಕ್ಯಾಲ್‌ಪ್ರೊಟೆಕ್ಟಿನ್ 30 ಬಂದಿದೆಯೆಂದು ಅದನ್ನು ಮುಂದೂಡುವಂತಿಲ್ಲ.

ಇನ್ನೊಂದು ಮಾತು. ಅಂಕಿ ಏರಿದರೆ ಏನು ಕೊಡಬೇಕು ಎಂಬುದಕ್ಕೆ ಸಿದ್ಧ ಉತ್ತರ ಇಲ್ಲ. ಕೆಲವು ಮನೆ ಕಿಟ್ಟಿನ ಮಾರಾಟಗಾರರು ಅಂಕಿಯ ಕೆಳಗೇ ಪ್ರೊಬಯಾಟಿಕ್ (ಒಳ್ಳೆಯ ಬ್ಯಾಕ್ಟೀರಿಯಾಗಳ) ಡಬ್ಬಿಯ ಜಾಹೀರಾತು ಇಡುತ್ತಾರೆ. ಪ್ರೊಬಯಾಟಿಕ್ಕಿನಿಂದ ಸಿಎಫ್ ಇರುವವರ ಕ್ಯಾಲ್‌ಪ್ರೊಟೆಕ್ಟಿನ್ ಸ್ವಲ್ಪ ಇಳಿಯುವುದು ಅಧ್ಯಯನಗಳಲ್ಲಿ ಕಂಡಿದೆ. ಆದರೆ ಅದರಿಂದ ತೂಕವೋ ಶ್ವಾಸಕೋಶವೋ ಸುಧಾರಿಸಿದ್ದಕ್ಕೆ ಗಟ್ಟಿ ಆಧಾರವಿಲ್ಲ. ಅಂಕಿ ಇಳಿಸುವುದನ್ನೇ ಗುರಿಯಾಗಿ ಮಾಡಿಕೊಂಡರೆ ಥರ್ಮಾಮೀಟರಿಗೆ ತಣ್ಣೀರು ಸುರಿದಂತಾದೀತು. ಇನ್ನು ಕಿಣ್ವ ಹೆಚ್ಚಿಸಿದರೆ ಸರಿಹೋದೀತೆಂದು ಕ್ಯಾಪ್ಸೂಲಿನ ಸಂಖ್ಯೆ ಏರಿಸುವುದು ಅಪಾಯ. 1994ರಲ್ಲಿ, ಅತಿ ಹೆಚ್ಚು ಕಿಣ್ವ ಸೇವಿಸುತ್ತಿದ್ದ ಮಕ್ಕಳ ದೊಡ್ಡ ಕರುಳು ದಪ್ಪಗಟ್ಟಿ ಕಿರಿದಾದ ಪ್ರಕರಣಗಳು ವರದಿಯಾದವು. ಅಲ್ಲಿಂದ ಬಂದದ್ದೇ ಇಂದಿನ ಮಿತಿ: ದೇಹತೂಕದ ಪ್ರತಿ ಕಿಲೋಗೆ ಒಂದು ಊಟಕ್ಕೆ 2500 ಲೈಪೇಸ್ (ಕೊಬ್ಬು ಜೀರ್ಣಿಸುವ ಕಿಣ್ವ) ಯೂನಿಟ್, ದಿನಕ್ಕೆ 10000 ಯೂನಿಟ್. 20 ಕಿಲೋ ತೂಕದ ಮಗುವಿಗೆ ಒಂದು ಊಟಕ್ಕೆ 50000, ದಿನಕ್ಕೆ 200000. ತಿಂಡಿಯ ಜೊತೆ ಕೊಟ್ಟದ್ದೂ ದಿನದ ಲೆಕ್ಕದಲ್ಲೇ ಸೇರುತ್ತದೆ, ಬಹಳ ಮನೆಗಳಲ್ಲಿ ಮರೆತುಹೋಗುವುದು ಅದೇ.

ಸೇವೆಯ ಬಗ್ಗೆ ಕೊನೆಯ ಟಿಪ್ಪಣಿ. ಮಾದರಿ ಕೊಡುವಾಗ ಲ್ಯಾಬಿನವರು ಕೊಡುವ ಚೀಟಿಯಲ್ಲಿ ಹೆಸರು, ವಯಸ್ಸು ಬಿಟ್ಟರೆ ಬೇರೆ ಜಾಗ ಇರುವುದಿಲ್ಲ. ಅದರ ಹಿಂಬದಿಯಲ್ಲಿ ಇಷ್ಟು ಬರೆದು ಫೋಟೋ ತೆಗೆದಿಟ್ಟುಕೊಳ್ಳಿ: ತೆಗೆದ ದಿನ ಮತ್ತು ಗಂಟೆ, ಮಲ ಗಟ್ಟಿಯೋ ಜಿಡ್ಡೋ ನೀರೋ, ಹಿಂದಿನ 4 ವಾರದಲ್ಲಿ ತೆಗೆದುಕೊಂಡ ಆ್ಯಂಟಿಬಯೋಟಿಕ್, ಐಬುಪ್ರೊಫೆನ್, ಆಮ್ಲದ ಮಾತ್ರೆ, ವಿರೇಚಕ, ಮಾಡ್ಯುಲೇಟರ್ ಶುರುವಾದ ದಿನ, ಆ ವಾರ ಕೆಮ್ಮು ಹೆಚ್ಚಿತ್ತೋ ಇಲ್ಲವೋ, ಆ ದಿನದ ತೂಕ. ರಿಪೋರ್ಟು ಬಂದಾಗ ಅದೇ ಫೋಟೋದ ಪಕ್ಕ ಅಂಕಿಯನ್ನೂ ವಿಧಾನದ ಹೆಸರನ್ನೂ ಸೇರಿಸಿ. ಆರು ತಿಂಗಳ ಮೇಲೆ ವೈದ್ಯರು ಕೇಳುವ ಮೊದಲ ಪ್ರಶ್ನೆ ಅಂಕಿಯ ಬಗ್ಗೆ ಇರುವುದಿಲ್ಲ, ಈ ಪಟ್ಟಿಯಲ್ಲಿರುವ ಯಾವುದೋ ಒಂದರ ಬಗ್ಗೆ ಇರುತ್ತದೆ.